ಎರಡು ವಿಕ್ಟೋರಿಯಾ ಕ್ರಾಸ್ ಪಡೆದ ಶವ್ಯಾಸ್ ಯಾರು?

‘ನೂರಾರು ಶತ್ರುಗಳನ್ನು ಕೊಂದು ಎರಡು ಸಲ ವಿಕ್ಟೋರಿಯಾ ಕ್ರಾಸ್ ಗೆದ್ದ ಏಕೈಕ ವೀರ, ಕ್ಯಾಪ್ಟನ್ ನೋಯೆಲ್ ಶವ್ಯಾಸ್’ ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ವಿಕ್ಟೋರಿಯಾ ಕ್ರಾಸ್ ಅಂದರೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಪದಕದ ಲೆಕ್ಕ ಸರಿ, ಉಳಿದದ್ದು ಸುಮ್ನೆ ಕಟ್ಟಿದ್ದು.

ಶವ್ಯಾಸ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಡಾಕ್ಟರ್. ಪದಕ ಬಂದದ್ದು ಜೀವ ಉಳಿಸಿದ್ದಕ್ಕೆ. 1916ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಗಿಯ್ಮೋಂ ಬಳಿ ಹಗಲೆಲ್ಲ ಗುಂಡಿನ ನಡುವೆಯೇ ಗಾಯಾಳುಗಳನ್ನು ನೋಡಿಕೊಂಡರು. ರಾತ್ರಿ ಶತ್ರುವಿನ ಸಾಲಿನ ಎದುರೇ ನಾಲ್ಕು ಗಂಟೆ ಗಾಯಾಳುಗಳನ್ನು ಹುಡುಕಿದರು. 1917ರಲ್ಲಿ ಬೆಲ್ಜಿಯಂನಲ್ಲಿ ತಮಗೇ ಜೋರಾಗಿ ಪೆಟ್ಟಾದರೂ ಎರಡು ದಿನ ಜಾಗ ಬಿಟ್ಟು ಕದಲಲಿಲ್ಲ. ಆಗಸ್ಟ್ 4ರಂದು ತೀರಿಕೊಂಡರು. ಎರಡನೇ ಪದಕ ಬಂದದ್ದು ಆಮೇಲೆ.

‘ಏಕೈಕ’ ಅನ್ನೋದೂ ತಪ್ಪು. ಹೀಗೆ ಎರಡು ಸಲ ಪಡೆದವರು ಮೂವರು. ನ್ಯೂಜಿಲೆಂಡ್‌ನ ಚಾರ್ಲ್ಸ್ ಅಪಮ್ ಒಬ್ಬರು. ಇನ್ನೊಬ್ಬರು ಆರ್ಥರ್ ಮಾರ್ಟಿನ್-ಲೀಕ್, ಅವರೂ ಡಾಕ್ಟರೇ! ನಮ್ಮ ಬೆಂಗಾಲ್ ನಾಗಪುರ ರೈಲ್ವೆಯಲ್ಲಿ ಕೆಲಸ ಮಾಡಿದವರು.