ಸೊನ್ನೆ ಅಂತ ಬರ್ಕೊಂಡೆ

ಈ ಸಲ ರಜೆಗೆ ಊರಿಗೆ ಹೋಗ್ಲಿಲ್ಲ. ಐಸಿಎಂಆರ್ ಅಂದ್ರೆ ದೇಶದ ಮೆಡಿಕಲ್ ರಿಸರ್ಚ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ, ಅವ್ರ ಎಸ್‌ಟಿಎಸ್ ಸಿಕ್ಕಿತ್ತು. ಗೊತ್ತಿಲ್ದೋರಿಗೆ ಹೇಳ್ತೀನಿ, ಮೆಡಿಕಲ್ ಓದ್ತಿರೋರು ಎರಡು ತಿಂಗಳು ಸಣ್ಣದೊಂದು ರಿಸರ್ಚ್ ಮಾಡೋಕೆ ದುಡ್ಡು ಕೊಡೋ ಸ್ಕೀಮು, 1979ರಿಂದ ಇದೆ. ನನ್ನ ಟಾಪಿಕ್ಕು, ಟಿಬಿ ಇರೋರು ಮಾತ್ರೆ ಸರಿಯಾಗಿ ತಗೋತಾರಾ ಇಲ್ವಾ ಅಂತ. ನಾಚಿಕೆ ಬಿಟ್ಟು ಹೇಳ್ಬೇಕು ಅಂದ್ರೆ ಪ್ರಪೋಸಲ್ ಬರೆಯೋ ಹೊತ್ತಿಗೆ ನಾನು ಒಬ್ಬೇ ಒಬ್ಬ ಟಿಬಿ ಪೇಷೆಂಟ್ ಹತ್ರ ಕೂತು ಮಾತಾಡಿರ್ಲಿಲ್ಲ, ಹಾಸ್ಟೆಲ್ ಮಂಚದ ಮೇಲೆ ಕೂತು ನಾಲ್ಕು ರಿಸರ್ಚ್ ಪೇಪರ್ ಓದಿ ಅಲ್ಲಿಂದ ಇಲ್ಲಿಂದ ಎತ್ತಿ 22 ಪ್ರಶ್ನೆ ಜೋಡಿಸಿದ್ದೆ, ರಿಸರ್ಚಿಂದ ಪೇಷೆಂಟಿಗೆ ಅನ್ಯಾಯ ಆಗ್ಬಾರ್ದು ಅಂತ ನೋಡೋ ಎಥಿಕ್ಸ್ ಕಮಿಟೀಲಿ ಪಾಸೂ ಆಯ್ತು.

ಮೊದಲನೇ ದಿನವೇ ಒಬ್ರು ಅಜ್ಜ ಸಿಕ್ಕಿದ್ರು. ಕನ್ಸೆಂಟ್ ಫಾರಂ ಓದಿದೆ, "ಸ್ವಇಚ್ಛೆಯಿಂದ ಪಾಲ್ಗೊಳ್ಳುತ್ತಿದ್ದು ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಹಕ್ಕನ್ನು ಹೊಂದಿರುತ್ತೀರಿ". ಅಜ್ಜ ಪೂರ್ತಿ ಕೇಳಿ "ಜಮೀನಿಂದಾ ಏನವ್ವಾ ಇದು?" ಅಂದ್ರು. ಆಮೇಲಿಂದ ಫಾರಂ ಓದಿ ಮುಗಿಸಿ ನಾನೇ ಹೇಳೋಕೆ ಶುರು ಮಾಡ್ದೆ, ಇಷ್ಟ ಇದ್ರೆ ಮಾತಾಡಿ, ಬೇಡ ಅಂದ್ರೆ ಎದ್ದು ಹೋಗಿ, ನಿಮ್ ಮಾತ್ರೆ ಏನೂ ನಿಲ್ಲಲ್ಲ ಅಂತ.

ಎರಡನೇ ವಾರ ಗಾರ್ಮೆಂಟ್ಸ್‌ಗೆ ಹೋಗೋ ಒಬ್ರು ಅಕ್ಕ ಬಂದ್ರು. 42 ಕೆಜಿ, ದಿನಕ್ಕೆ ಮೂರು ಮಾತ್ರೆ. ಕಳೆದ ಏಳು ದಿನದಲ್ಲಿ ಎಷ್ಟು ಡೋಸ್ ತಪ್ಪಿಸಿದ್ರಿ ಅಂದೆ. "ಒಂದೂ ಇಲ್ಲ ಮೇಡಂ." ಸೊನ್ನೆ ಅಂತ ಬರ್ಕೊಂಡೆ. ಫಾರಂ ಮಡಚಿಟ್ಟ ಮೇಲೆ ಅವ್ರ ಮಾತು ಶುರುವಾಯ್ತು ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೇಲಿ ನುಂಗಿ ಅಂದಿದ್ರಂತೆ, ಆರೂವರೆಗೆ ಫ್ಯಾಕ್ಟ್ರಿ ವ್ಯಾನು, ಒಂದಿನ ವ್ಯಾನಲ್ಲೇ ವಾಂತಿಯಾಗಿ ಎಲ್ರೂ ಒಂಥರಾ ನೋಡಿದ್ರಂತೆ, ಅವತ್ತಿಂದ ರಾತ್ರಿ ಉಂಡ ಮೇಲೆ ನುಂಗೋದು. ಇನ್ನು ಉಚ್ಚೆ ಕಿತ್ತಳೆ ಬಣ್ಣ. ಟಿಬಿ ಮಾತ್ರೇಲಿರೋ ರಿಫಾಂಪಿಸಿನ್ ಅನ್ನೋ ಔಷಧಿಗೆ ಹಂಗಾಗತ್ತೆ, ಅಪಾಯ ಏನಿಲ್ಲ, ನಾವು ಪರೀಕ್ಷೇಲಿ ಎರಡು ಮಾರ್ಕ್ಸಿಗೆ ಬರೆದು ಬರ್ತೀವಿ. ಈಯಕ್ಕ ಮಾತ್ರ, ಫ್ಯಾಕ್ಟ್ರಿ ಟಾಯ್ಲೆಟ್ಟಲ್ಲಿ ನೀರು ಸಾಲ್ದೆ ಬಣ್ಣ ಉಳಿದ್ರೆ ಹಿಂದೆ ನಿಂತಿರೋಳಿಗೆ ಗೊತ್ತಾಗ್ಬಿಡತ್ತೆ ಅಂತ ಕೆಲಸದಲ್ಲಿ ಇರೋವಷ್ಟು ಹೊತ್ತೂ ನೀರೇ ಕುಡೀತಿರ್ಲಿಲ್ಲ. ಕೊನೆಗೆ ಕೇಳಿದ್ರು, "ನನ್ ತಟ್ಟೇಲಿಂದ ಮಗೀಗೆ ತುತ್ತು ಹಾಕ್ಬೋದಾ ಮೇಡಂ?" ಅತ್ತೆ ತಟ್ಟೆ ಲೋಟ ಎಲ್ಲಾ ಬೇರೆ ಮಾಡಿದ್ರಂತೆ. ತಟ್ಟೆಯಿಂದ ಹರಡಲ್ಲ ಅಕ್ಕ, ಕೆಮ್ಮಿದಾಗ ಗಾಳೀಲಿ ಹರಡೋದು, ಮಗೂನ ಒಂದ್ಸಲ ಚೆಕಪ್ಪಿಗೆ ಕರ್ಕೊಂಡ್ ಬನ್ನಿ ಅಂದೆ. ಮೂರು ತಿಂಗಳಿಂದ ಮಾತ್ರೆ ತಗೊಂಡು ಹೋಗ್ತಿದ್ದಾರೆ, ಇದನ್ನ ಯಾರೂ ಹೇಳಿರ್ಲಿಲ್ಲ. ನನ್ನ 22 ಪ್ರಶ್ನೇಲಿ ವ್ಯಾನೂ ಇಲ್ಲ, ಟಾಯ್ಲೆಟ್ಟೂ ಇಲ್ಲ, ತಟ್ಟೇನೂ ಇಲ್ಲ.

ನನಗನ್ಸೋದು, ಪ್ರಶ್ನೆ ಬರೆಯೋವಾಗ್ಲೇ ಪೇಷೆಂಟ್ ಜೊತೇಲಿರ್ಬೇಕು. ಎಥಿಕ್ಸ್ ಕಮಿಟೀಲಿ ಡಾಕ್ಟರಲ್ಲದ ಸಾಮಾನ್ಯ ಜನ ಒಬ್ರು ಇರ್ಬೇಕು ಅಂತ ರೂಲ್ಸಿದೆ, ಆದ್ರೆ ಅವ್ರ ಕೈಗೆ ಬರೋ ಹೊತ್ತಿಗೆ ಎಲ್ಲಾ ಬೆಂದಾಗಿರತ್ತೆ. ಇಂಗ್ಲೆಂಡಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಅಂತ ಇದೆ, ಯಾವ ಪ್ರಶ್ನೆ ಮೇಲೆ ರಿಸರ್ಚ್ ಆಗ್ಬೇಕು ಅನ್ನೋದನ್ನ ರೋಗಿಗಳು, ನೋಡ್ಕೊಳ್ಳೋರು, ಡಾಕ್ಟ್ರುಗಳು ಒಟ್ಟಿಗೆ ಕೂತು ತೀರ್ಮಾನ ಮಾಡ್ತಾರೆ. ಕೆನಡಾ ಸರ್ಕಾರ 2011ರಲ್ಲಿ ಇದಕ್ಕೇ ಅಂತ ಒಂದು ಯೋಜನೆ ಮಾಡ್ತು. ನಮ್ಮಲ್ಲಿ ಕೇಳಿದ್ರೆ ಫಂಡ್ ಇಲ್ಲ ಅಂತಾರೆ. ಐದು ಜನಕ್ಕೆ ಬಸ್ ಚಾರ್ಜು ಕಾಫಿ ಕೊಟ್ಟು ನಿಮಗೇನು ಗೊತ್ತಾಗ್ಬೇಕಿತ್ತು ಅಂತ ಕೇಳೋಕೆ ಯಾವ ಫಂಡು ಬೇಕ್ರೀ?

ಗೈಡ್ ಹತ್ರ ಹೇಳಿದೆ. ಪಾಪ ಒಳ್ಳೆಯವ್ರು, ಅರ್ಧ ಗಂಟೆ ಕೇಳಿಸ್ಕೊಂಡು "ಲಿಮಿಟೇಶನ್ಸ್‌ನಲ್ಲಿ ಒಂದು ಲೈನ್ ಹಾಕಮ್ಮ" ಅಂದ್ರು, ರಿಪೋರ್ಟಲ್ಲಿ ನಮ್ಮ ಕೊರತೆಗಳನ್ನ ಬರೆಯೋ ಭಾಗ ಅದು. ಹಾಕಿದೆ. ರಿಪೋರ್ಟು ಇಂಗ್ಲಿಷಲ್ಲಿ ದೆಹಲಿಗೆ ಹೋಯ್ತು.

ಮೊನ್ನೆ ಆ ಅಕ್ಕ ಕೊನೇ ತಿಂಗಳ ಮಾತ್ರೆಗೆ ಬಂದಿದ್ರು. "ಅವತ್ತು ಬರ್ಕೊಂಡ್ರಲ್ಲ ಮೇಡಂ, ಏನಾಯ್ತು ಅದು?" ಫೋನಲ್ಲಿ ರಿಪೋರ್ಟಿನ ಟೇಬಲ್ ತೆಗೆದು ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ "ಇದ್ರಲ್ಲಿ ನಾನೆಲ್ಲಿದೀನಿ?" ಅಂದ್ರು. ಸೊನ್ನೆ ಇರೋ ಸಾಲಿನ ಮೇಲೆ ಬೆರಳಿಟ್ಟೆ.