ಅಜ್ಜಿಯ ಗೇಣಿ ಚೀಟಿ

ಮೊನ್ನೆ ಭಾನುವಾರ ನಮ್ಮೂರ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಬಯಲಿನ, ಕಟ್ಟೆ ಕೆಲಸಕ್ಕೆ ಹೋಗಿದ್ದೆ. ಅಘನಾಶಿನಿ ಹೊಳೆಯ ದಂಡೆಯವರಿಗೆ ಇದು ಗೊತ್ತು. ಮಳೆಗೆ ಮೊದಲು ಕಟ್ಟೆ ನೋಡಿಕೊಳ್ಳದಿದ್ದರೆ ಆ ವರ್ಷದ ಕಗ್ಗದ, ಉಪ್ಪುನೀರು ತಾಳುವ ನಮ್ಮ ಭತ್ತದ, ಆಸೆ ಬಿಡಬೇಕು. ಏಡಿಗಳು ತೂತು ಮಾಡಿ ಮಾಡಿ ಒಂದು ಕಡೆ ಎರಡು ಮಾರು ಉದ್ದಕ್ಕೆ ಮಣ್ಣು ಕುಸಿದಿತ್ತು. ಜಂತ್ರಡಿಯ (ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಬಾಗಿಲು) ಹಲಗೆ ಕೊಳೆತಿತ್ತು, ಕೈಯಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಭರತ, ಅಂದರೆ ಸಮುದ್ರದ ಉಬ್ಬರ, ಏರುವುದರೊಳಗೆ ಮಣ್ಣು ತುಂಬಬೇಕು. ಹನ್ನೊಂದು ಜನ ಬಂದಿದ್ದೆವು. ಆ ಗಜನಿಯಲ್ಲಿ ಗದ್ದೆ ಇರುವ ಮನೆಗಳು ನಲವತ್ತಕ್ಕಿಂತ ಜಾಸ್ತಿ.

ಹೆಡಗೆ ಕೆಳಗಿಟ್ಟು ನೀರು ಕುಡಿಯುತ್ತಿದ್ದಾಗ ನೆರೆಮನೆಯ ಹುಡುಗ ಕೇಳಿದ. ಬೆಂಗಳೂರಿನಲ್ಲಿ ಕೆಲಸ, ರಜೆಗೆ ಬಂದವನು, ಅಂಗಿ ಕಳಚಿ ನಮ್ಮ ಜೊತೆ ಕೆಸರಿಗೆ ಇಳಿದಿದ್ದ. "ಮಾಮ, ನೀವು ಸಮಾಜವಾದಿ ಅಂತೀರಿ. ಈಗ ಅಕ್ಕಿ ಸಿಗ್ತದೆ, ದುಡ್ಡು ಖಾತೆಗೆ ಬರ್ತದೆ, ಹೆಂಗಸರಿಗೆ ಬಸ್ಸು ಫ್ರೀ. ಇದೇ ಅಲ್ವಾ ಸಮಾಜವಾದ? ಇನ್ನೇನು ಬೇಕು?"

ಅವನು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ನೀರು ಏರುತ್ತಿತ್ತು, ಅಲ್ಲಿ ಅರ್ಧ ಮಾತ್ರ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಓದಿ.

ಮೊದಲು ನನ್ನ ಅಜ್ಜಿಯ ಸುದ್ದಿ.

ನಮ್ಮದು ಗೇಣಿ ಮನೆ. ಗದ್ದೆ ಒಡೆಯರದ್ದು, ಬೆವರು ನಮ್ಮದು. ಕೊಯ್ಲು ಮುಗಿದ ಮೇಲೆ ಗೇಣಿ ಭತ್ತ ಹೊತ್ತು ಒಡೆಯರ ಅಂಗಳಕ್ಕೆ ಹೋಗಬೇಕು. ಅಳೆಯುವುದು ಅವರು, ಲೆಕ್ಕ ಬರೆಯುವುದು ಅವರು. ಬಾಕಿ ಇದೆ ಅಂದರೆ ಬಾಕಿ ಇದೆ. ಆಗ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು. 1948ರ ಮುಂಬೈ ಗೇಣಿ ಕಾನೂನಿನಲ್ಲಿ, ಗೇಣಿ ತೆಗೆದುಕೊಂಡವರು ರಸೀದಿ ಕೊಡಬೇಕು ಅಂತ ಇತ್ತು. ಕಾಗದದಲ್ಲಿ ಇತ್ತು ಅಷ್ಟೆ. ಕೇಳುವ ಧೈರ್ಯ ಯಾರಿಗಿತ್ತು? ರೈತಕೂಟದವರು ಊರೂರು ತಿರುಗಿ "ರಸೀದಿ ಕೇಳಿ, ಕೇಳದೆ ಭತ್ತ ಅಳೆಯಬೇಡಿ" ಅಂತ ಹೇಳುತ್ತಿದ್ದರಂತೆ. ಅಜ್ಜ ಹೆದರಿದ. ಅಜ್ಜಿ ಹೆದರಲಿಲ್ಲ. ತಲೆ ಮೇಲಿನ ಹೊರೆ ಇಳಿಸದೆ ಅಂಗಳದಲ್ಲಿ ನಿಂತಳಂತೆ. "ಚೀಟಿ ಬರ್ಕೊಡಿ ಒಡ್ಯಾ, ಆಮೇಲೆ ಹೊರೆ ಇಳಿಸ್ತೆ." ಎಷ್ಟು ಹೊತ್ತು ನಿಂತಳು ಅನ್ನುವುದು ಹೇಳುವವರ ಬಾಯಲ್ಲಿ ಬೇರೆ ಬೇರೆ. ಚೀಟಿ ಅಂತೂ ಸಿಕ್ಕಿತು. ಆಮೇಲೆ ಪ್ರತಿ ವರ್ಷ ಸಿಕ್ಕಿತು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಚೀಟಿಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು. ಹೊಗೆಗೆ ಗೆದ್ದಲು ಬರುವುದಿಲ್ಲ ಅಂತ. ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ. ಕಾಗದ ಎಲ್ಲ ಚಹಾ ಬಣ್ಣಕ್ಕೆ ತಿರುಗಿದೆ, ಮಡಚಿದ ಗೆರೆಯಲ್ಲಿ ಹರಿದಿದೆ. ಒಂದರಲ್ಲಿ "ಗೇಣಿ ಭತ್ತ ಖಂಡಿ ಮೂರು ಪೂರಾ ಬಂತು" ಅಂತ ಇದೆ. ಕೆಳಗೆ ಸಹಿ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿ ಜಮೀನು ಎಲ್ಲ ಸರ್ಕಾರದ ವಶಕ್ಕೆ, ಅಲ್ಲಿಂದ ಉಳುವವರ ಹೆಸರಿಗೆ. ಫಾರಂ ನಂಬರ್ 7 ತುಂಬಬೇಕು, ಭೂ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಆ ಕಾನೂನಿನಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ಮಂಡಳಿಯ ಮುಂದೆ ವಕೀಲರು ವಾದ ಮಾಡುವಂತಿರಲಿಲ್ಲ. (ಈ ಕಲಮನ್ನು ಮುಂದೆ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಆದರೆ ಹೆಚ್ಚಿನ ಗೇಣಿದಾರರ ವಿಚಾರಣೆ ಅಷ್ಟರಲ್ಲಿ ಮುಗಿದಿತ್ತು.) ಅಂದರೆ ಒಡೆಯರೂ ತಮ್ಮ ಬಾಯಲ್ಲೇ ಹೇಳಬೇಕು, ಒಕ್ಕಲೂ ತನ್ನ ಬಾಯಲ್ಲೇ ಹೇಳಬೇಕು.

ನಾನಾಗ ಹತ್ತು ವರ್ಷದವನು, ಅಜ್ಜಿಯ ಸೆರಗು ಹಿಡಿದು ಹೋಗಿದ್ದೆ. ಒಡೆಯರು "ಇವರು ನಮ್ಮ ಗೇಣಿಯವರಲ್ಲ, ಕೂಲಿಯವರು" ಅಂದರು. ಅಜ್ಜಿ ಡಬ್ಬಿ ತೆರೆದು ಚೀಟಿಗಳನ್ನು ಒಂದೊಂದೇ ಮೇಜಿನ ಮೇಲೆ ಇಟ್ಟಳು. ಇಟ್ಟು ಕೇಳಿದಳು: "ಇದು ಯಾರ ಅಕ್ಷರ ಒಡ್ಯಾ? ನೀವೇ ಬರ್ದದ್ದಲ್ವಾ?"

ಗದ್ದೆ ನಮ್ಮ ಹೆಸರಿಗೆ ಆಯಿತು.

ಸಮಾಜವಾದ ಅಂದರೆ ಏನು ಅಂತ ಯಾರು ಕೇಳಿದರೂ ನನಗೆ ಕಣ್ಣೆದುರು ಬರುವುದು ಆ ಮೇಜು. ದುಡಿಯುವ ಜಾಗದಲ್ಲಿ ದುಡಿಯುವವರ ಮಾತು ನಡೆಯಬೇಕು. ಗದ್ದೆ ಇರಲಿ, ದೋಣಿ ಇರಲಿ, ಕಾರ್ಖಾನೆ, ಆಸ್ಪತ್ರೆ, ಏನೇ ಇರಲಿ. ಯಾವ ಕೆಲಸ, ಎಷ್ಟು ಕೂಲಿ, ಬಂದ ಲಾಭ ಎಲ್ಲಿಗೆ ಹೋಗಬೇಕು, ಇದನ್ನೆಲ್ಲ ನಿರ್ಧಾರ ಮಾಡುವಾಗ ಅವರ ಮಾತಿಗೆ ಬೆಲೆ ಇರಬೇಕು. ಹಣ ಇದ್ದವರ ಮಾತು ಮಾತ್ರ ನಡೆಯುವ ವ್ಯವಸ್ಥೆ ಹೋಗಬೇಕು. ನನಗೆ ತಿಳಿದ ಸಮಾಜವಾದ ಇಷ್ಟೆ.

ಹಾಗಾದರೆ ಎಲ್ಲವನ್ನೂ ಸರ್ಕಾರ ತೆಗೆದುಕೊಳ್ಳುವುದು ಸಮಾಜವಾದವಾ? ಕಾರವಾರ, ಅಂಕೋಲೆಯವರನ್ನು ಕೇಳಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿದರು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮುದ್ರದ ದಂಡೆಯಿಂದ ಎದ್ದು ಹೋದ ಮೀನುಗಾರರು, ರೈತರು ಪರಿಹಾರಕ್ಕಾಗಿ ಎಷ್ಟು ವರ್ಷ ಕೋರ್ಟು ಕಚೇರಿ ಅಲೆದರು! ಜಮೀನು ಸರ್ಕಾರದ್ದಾಯಿತು, ಅವರ ಮಾತು ಎಲ್ಲೂ ನಡೆಯಲಿಲ್ಲ. ಸಂವಿಧಾನದ ಪೀಠಿಕೆಗೆ 1976ರಲ್ಲಿ 'ಸಮಾಜವಾದಿ' ಅನ್ನುವ ಪದ ಸೇರಿತು. ಅದನ್ನು ತೆಗೆಯಬೇಕು ಅಂತ ಹೋದವರ ಅರ್ಜಿಯನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಒಳ್ಳೆಯದೇ ಆಯಿತು. ಆದರೆ ಪದ ಉಳಿದರೆ ಸಾಕಾ?

ಇನ್ನು ಸುಧಾರಣೆಯ ಪ್ರಶ್ನೆ. ಇದು ಸಮಾಜವಾದಿಗಳ ಹಳೇ ಜಗಳ. 1899ರ ಹೊತ್ತಿಗೇ ಜರ್ಮನಿಯಲ್ಲಿ ಬರ್ನ್‌ಸ್ಟೈನ್ ಮತ್ತು ರೋಸಾ ಲಕ್ಸೆಂಬರ್ಗ್ ನಡುವೆ ಇದೇ ಚರ್ಚೆ. ಸಣ್ಣ ಸಣ್ಣ ಸುಧಾರಣೆ ಮಾಡುತ್ತಾ ಹೋಗುವುದೇ ಮುಖ್ಯ, ಕೊನೆಯ ಗುರಿಯ ಚಿಂತೆ ಬೇಡ ಅಂತ ಅವನು. ಗುರಿ ಬಿಟ್ಟರೆ ದಾರಿಯೇ ಬೇರೆ ಕಡೆ ತಿರುಗುತ್ತದೆ ಅಂತ ಅವಳು. ಅವಳನ್ನು ಸುಧಾರಣೆಯ ವಿರೋಧಿ ಅಂತ ತಿಳಿದವರಿದ್ದಾರೆ, ಅದು ತಪ್ಪು. ಸುಧಾರಣೆಗಾಗಿ ದಿನಾ ಹೋರಾಡಬೇಕು ಅಂತಲೇ ಅವಳೂ ಹೇಳಿದ್ದು. ಆ ಹೋರಾಟದಲ್ಲೇ ಕೆಲಸಗಾರರು ತಯಾರಾಗುತ್ತಾರೆ ಅನ್ನುವುದು ಅವಳ ನಂಬಿಕೆ. ನನಗೆ ಅವಳ ಮಾತು ಸರಿ ಅನಿಸುತ್ತದೆ. ಜರ್ಮನಿ ತನಕ ಹೋಗುವುದೂ ಬೇಡ, ನಮ್ಮ ಘಟ್ಟ ಹತ್ತಿದರೆ ಸಾಕು.

ಕಾಗೋಡು ಸತ್ಯಾಗ್ರಹ, 1951. ಸಾಗರ ತಾಲೂಕಿನ ದೀವರ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಕೊಳಗಕ್ಕೆ. ಗೇಣಿ ಅಳೆದುಕೊಳ್ಳಲು ಒಡೆಯರ ಹತ್ತಿರ ದೊಡ್ಡ ಕೊಳಗ ಇತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಗಣಪತಿಯಪ್ಪನವರು ಜನರನ್ನು ಕಟ್ಟಿದರು. ಎಷ್ಟು ಸಣ್ಣ ಬೇಡಿಕೆ ನೋಡಿ. ಆದರೆ ಆ ಸಣ್ಣ ಬೇಡಿಕೆ ಇಟ್ಟವರನ್ನು ಗದ್ದೆಯಿಂದ ಹೊರಗೆ ಹಾಕಿದರು. ಆಗ ಕೊಳಗದ ಜಗಳ ಗದ್ದೆಯ ಜಗಳ ಆಯಿತು. ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಆಮೇಲೆ ಗೋಪಾಲಗೌಡರು ಶಾಸನಸಭೆಗೆ ಹೋಗಿ ಅದೇ ಮಾತು ಅಲ್ಲಿ ಎತ್ತಿದರು. 1972ರಲ್ಲಿ ತೀರಿಕೊಂಡರು. ಎರಡು ವರ್ಷ ಬದುಕಿದ್ದರೆ ಆ ಕಾನೂನು ನೋಡುತ್ತಿದ್ದರು. ಇದು ನೆನಪಾದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೊಳಗ ಮತ್ತು ಚೀಟಿ, ಎರಡೂ ತೀರಾ ಸಣ್ಣ ಸುಧಾರಣೆ. "ಇದರಿಂದ ಜಮೀನ್ದಾರಿ ಹೋಗುತ್ತದಾ, ಸುಮ್ನೆ ಯಾಕೆ ಇದಕ್ಕೆಲ್ಲ ಗುದ್ದಾಟ" ಅಂತ ದೊಡ್ಡ ಕ್ರಾಂತಿಯ ಮಾತಾಡುವವರು ಆಗಲೂ ಹೇಳಿರಬಹುದು. ಆದರೆ ಅಜ್ಜಿ ಚೀಟಿ ಕೇಳಿ ಪಡೆದಿರದಿದ್ದರೆ, ಇಪ್ಪತ್ತು ವರ್ಷದ ಮೇಲೆ ಮೇಜಿನ ಮೇಲೆ ಇಡಲು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಹಾಗಾಗಿ ಒಂದು ಸುಧಾರಣೆ ಬಂದಾಗ ನಾನು ನೋಡುವುದು ಒಂದೇ. ಇದು ಸಿಕ್ಕಿದ ಮೇಲೆ ಜನರಿಗೆ ಮುಂದಿನದ್ದನ್ನು ಕೇಳುವ ಬಲ ಬರುತ್ತದಾ, ಇಲ್ಲ ಕೈಕಟ್ಟಿ ಸಾಲಲ್ಲಿ ನಿಲ್ಲುವ ಅಭ್ಯಾಸ ಆಗುತ್ತದಾ?

ಲೋಹಿಯಾ ತಮ್ಮ ಪಕ್ಷದವರಿಗೆ ಸಲಿಕೆ, ಮತ, ಜೈಲು, ಈ ಮೂರೂ ಬೇಕು ಅನ್ನುತ್ತಿದ್ದರು. ಕೈಯಾರೆ ಕಟ್ಟುವ ಕೆಲಸ, ಚುನಾವಣೆ, ಅನ್ಯಾಯದ ವಿರುದ್ಧ ಸತ್ಯಾಗ್ರಹ. ನಮ್ಮ ಜಿಲ್ಲೆಯಲ್ಲಿ ಈ ಮೂರನ್ನೂ ಮಾಡಿದವರು ದಿನಕರ ದೇಸಾಯಿ. ಅವರು ಲೋಹಿಯಾ ಪಕ್ಷದವರಲ್ಲ, ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದಿಂದ ಬಂದವರು. ರೈತಕೂಟ ಕಟ್ಟಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು. 1967ರಲ್ಲಿ ಲೋಕಸಭೆಗೆ ಹೋದರು. ಒಕ್ಕಲು ಮಕ್ಕಳು ಓದದೆ ಒಡೆಯರ ಲೆಕ್ಕದ ಪುಸ್ತಕ ಯಾರಿಗೆ ಅರ್ಥ ಆಗಬೇಕು? ಗೇಣಿ ಹೋರಾಟದವರು ಶಾಲೆ ಕಟ್ಟಲು ಯಾಕೆ ಹೋದರು ಅಂತ ಕೆಲವರು ಕೇಳುತ್ತಾರೆ. ನನಗೆ ಅದು ಎರಡು ಕೆಲಸ ಅನಿಸುವುದೇ ಇಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಾವು ಸಮಾಜವಾದಿಗಳು ಎಲ್ಲಿ ಸೋತೆವು ಅನ್ನುವುದು ಆ ಕಟ್ಟೆಯ ಮೇಲೆ ನಿಂತರೆ ಕಾಣುತ್ತದೆ.

ಗದ್ದೆ ಒಬ್ಬೊಬ್ಬರ ಹೆಸರಿಗೆ ಆಯಿತು. ಕಟ್ಟೆ? ಉಪ್ಪುನೀರು ತಡೆಯುವ ಕಟ್ಟೆ ಒಬ್ಬರದ್ದಾಗಲು ಸಾಧ್ಯವೇ ಇಲ್ಲ. ನನ್ನ ಗದ್ದೆಯ ಎದುರು ಕಟ್ಟೆ ಗಟ್ಟಿ ಇದ್ದು, ನಿಮ್ಮ ಗದ್ದೆಯ ಎದುರು ಒಡೆದರೆ ಇಬ್ಬರ ಭತ್ತವೂ ಹೋಯಿತು. ಹಿಂದೆ ಒಡೆಯರು ಗೇಣಿಯವರನ್ನು ಕರೆದು ಕಟ್ಟೆ ಮಾಡಿಸುತ್ತಿದ್ದರು. ಒಡೆತನ ಹೋಯಿತು, ಆ ಏರ್ಪಾಡೂ ಹೋಯಿತು. ಅದರ ಜಾಗಕ್ಕೆ ನಮ್ಮದೇ ಏರ್ಪಾಡು ತರುವುದು ನಮ್ಮ ಕೆಲಸವಾಗಿತ್ತು. ನಾವು ಏನು ಮಾಡಿದೆವು? ಪಟ್ಟೆ ಸಿಕ್ಕಿತು, ಗೆದ್ದೆವು ಅಂತ ಮನೆಗೆ ಹೋದೆವು. ಸರ್ಕಾರ ಕಲ್ಲಿನ ಕಟ್ಟೆ ಕಟ್ಟಿಸಿತು, ನೋಡಿಕೊಳ್ಳುವವರಿಲ್ಲದೆ ಅದೂ ಅಲ್ಲಲ್ಲಿ ಒಡೆಯಿತು. ಆಮೇಲೆ ಸಿಗಡಿಯವರು ಬಂದರು. ಲೀಸಿಗೆ ಕೊಡಿ, ಕೂತಲ್ಲಿ ದುಡ್ಡು ಅಂದರು. ಎಷ್ಟೋ ಗಜನಿಗಳು ಹಾಗೆ ಸಿಗಡಿ ಕೆರೆಯಾದವು. ಯಾರ ಹೆಸರಿನಲ್ಲಿ ಪಟ್ಟೆ ಇತ್ತೋ ಅವರೇ ತಮ್ಮ ಗದ್ದೆಯ ಮೇಲೆ ಹಕ್ಕಿಲ್ಲದವರಾದರು.

ಎಲ್ಲ ಕಡೆ ಹೀಗಾಗಲಿಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಸಂಘ ಮಾಡಿಕೊಂಡು ಒಟ್ಟಿಗೆ ಕಗ್ಗ ಬೆಳೆಯುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ, ನೆರೆ ಬಂದರೂ ತಲೆ ಎತ್ತಿ ನಿಲ್ಲುವ ಭತ್ತ. ಒಟ್ಟಿಗೆ ಇರುವುದರಿಂದ ಅಲ್ಲಿ ಕಟ್ಟೆಯೂ ಇದೆ, ಬೀಜವೂ ಉಳಿದಿದೆ. ಭೂಮಿ ಹಂಚಿದ ಮೇಲೆ ಮಾಡಬೇಕಾಗಿದ್ದ ಕೆಲಸ ಇದೇ ಆಗಿತ್ತು.

ಇನ್ನೊಂದು ತಪ್ಪೂ ಇದೆ. ಗೇಣಿಯವರಿಗೆ ಭೂಮಿ ಸಿಕ್ಕಿತು, ಬರೀ ಕೂಲಿ ಮಾಡುವವರಿಗೆ ಆ ಕಾನೂನಿನಿಂದ ಹೆಚ್ಚೇನೂ ಸಿಗಲಿಲ್ಲ. ನಮ್ಮದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಹಾಗೆಯೇ ಉಳಿದರು. ಭೂಮಿ ಸಿಕ್ಕಿದ ನಾವು ಅವರ ಪರ ನಿಲ್ಲಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಸಮಾಜವಾದದ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ.

ಸಂಘಟನೆ ಇಲ್ಲದೆ ಹೋದರೆ ಪಡೆದದ್ದೂ ಕೈಬಿಡುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ ಅದೇ ಭೂಸುಧಾರಣಾ ಕಾನೂನಿನಲ್ಲಿ 79ಎ, 79ಬಿ ಅಂತ ಕಲಂಗಳಿದ್ದವು. 2020ರಲ್ಲಿ ಅವನ್ನು ತೆಗೆದುಹಾಕಿದರು. ಬೆಂಗಳೂರಿನಲ್ಲಿ ರೈತರು ಬೀದಿಗೆ ಇಳಿದರು. ನಮ್ಮೂರಲ್ಲಿ? ಅದೇ ಕಾನೂನಿನಿಂದ ಭೂಮಿ ಪಡೆದವರ ಮೊಮ್ಮಕ್ಕಳು ನಾವು, ಒಂದು ಸಭೆಯನ್ನೂ ಮಾಡಲಿಲ್ಲ.

ಹಾಗಾದರೆ ಹುಡುಗ ಕೇಳಿದ ಬಸ್ಸು? 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ. ಇದನ್ನು ಬಿಟ್ಟಿ ಅಂತ ಹೀಯಾಳಿಸುವವರ ಜೊತೆ ನಾನಿಲ್ಲ. ನಮ್ಮೂರಿಂದ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಸಣ್ಣದಲ್ಲ. ಗಂಡನ ಹತ್ತಿರ ಕೈಚಾಚದೆ ತವರಿಗೆ ಹೋಗಿಬರುವುದೂ ಸಣ್ಣದಲ್ಲ. ಆದರೆ ನನಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಬಸ್ಸು ತುಂಬಿ ನಿಲ್ಲಿಸದೆ ಹೋಗಲು ಶುರುವಾದಾಗ, ಅದೇ ಹೆಂಗಸರು ಬೆಳಿಗ್ಗೆ ಏಳಕ್ಕೆ ಇನ್ನೊಂದು ಬಸ್ಸು ಬೇಕು ಅಂತ ಸಹಿ, ಹೆಬ್ಬೆಟ್ಟು ಹಾಕಿ ಅರ್ಜಿ ಕೊಟ್ಟರು. ಹಿಂದೆ ಎಂದೂ ಅವರು ಯಾವ ಕಚೇರಿಯ ಮೆಟ್ಟಿಲೂ ಹತ್ತಿರಲಿಲ್ಲ. ಸಮಾಜವಾದಿಗಳ ಕೆಲಸ ಇರುವುದು ಅಲ್ಲೇ. ಅರ್ಜಿ ಬರೆಯುವಾಗ ಜೊತೆಗಿರಬೇಕು, ನಾಳೆ ಅವರೇ ಕಾರ್ಖಾನೆಯಲ್ಲಿ ಕೂಲಿ ಹೆಚ್ಚಿಸಿ ಅಂದಾಗಲೂ ಜೊತೆಗಿರಬೇಕು. ಯೋಜನೆ ಯಾವ ಪಕ್ಷದ್ದು ಅಂತ ಜಗಳ ಆಡುತ್ತಾ ಕೂತರೆ ಆ ಹೆಂಗಸರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅರಣ್ಯ ಹಕ್ಕಿನ ವಿಷಯವೂ ಹೀಗೆಯೇ. ಕಾಡಿನಲ್ಲಿ ಬದುಕುವವರಿಗೆ ಭೂಮಿಯ ಹಕ್ಕು ಕೊಡುವ 2006ರ ಕಾನೂನು ಗ್ರಾಮಸಭೆಗೆ ಮತ್ತು ಅದರ ಅರಣ್ಯ ಹಕ್ಕು ಸಮಿತಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ, ಎಲ್ಲಿ ನೋಡಿದರೂ ನಮ್ಮವರು ಆ ಅಧಿಕಾರ ಬಿಟ್ಟು ಪಟ್ಟೆಯ ಕಾಗದಕ್ಕಾಗಿ ಒಬ್ಬೊಬ್ಬರೇ ಅಲೆಯುತ್ತಿದ್ದಾರೆ. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, 75 ವರ್ಷ ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಬಡವರ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿರುತ್ತದೆ? ಎಲ್ಲರ ಅಜ್ಜಿಯೂ ಡಬ್ಬಿ ಇಟ್ಟಿರುವುದಿಲ್ಲ. ಹಿರಿಯರು ಹೇಳುವ ಮಾತನ್ನೂ ಸಾಕ್ಷಿಯಾಗಿ ಒಪ್ಪಬಹುದು ಅಂತ ನಿಯಮದಲ್ಲೇ ಇದೆ. ಅದನ್ನು ಒಪ್ಪಿಸಿಕೊಳ್ಳಲು ಗ್ರಾಮಸಭೆ ತುಂಬಬೇಕು, ಊರಿಗೆ ಊರೇ ಎದ್ದು ಹೇಳಬೇಕು.

ಆ ದಿನ ಕೆಲಸ ಮುಗಿಯುವಾಗ ಸೊಂಟದ ತನಕ ನೀರು ಬಂದಿತ್ತು. ಕಟ್ಟೆ ನಿಂತಿತು. ಸಂಜೆ ಹುಡುಗ ಮನೆಗೆ ಬಂದು ಡಬ್ಬಿ ತೋರಿಸಿ ಅಂದ. ಚೀಟಿಗಳ ಫೋಟೋ ತೆಗೆದುಕೊಂಡ. ಆಮೇಲೆ ಗಜನಿಯ ನಲವತ್ತು ಚಿಲ್ಲರೆ ಮನೆಗಳ ಪಟ್ಟಿ ಬರೆಯಲು ಕೂತ. ಯಾರು ಮುಂಬೈಯಲ್ಲಿ, ಯಾರು ಗೋವಾದಲ್ಲಿ, ಯಾರ ಗದ್ದೆ ಲೀಸಿಗೆ ಹೋಗಿದೆ, ಎಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಇಪ್ಪತ್ತಾರು ಮನೆಗಳ ಫೋನ್ ನಂಬರ್ ಸಿಕ್ಕಿತು.

ಬರುವ ಭಾನುವಾರ ಜಂತ್ರಡಿಗೆ ಹೊಸ ಹಲಗೆ ಹಾಕುತ್ತೇವೆ. ಇಳಿತ ನೋಡಿ ಬೆಳಿಗ್ಗೆ ಏಳಕ್ಕೆ ಶುರು. ಹಲಗೆಗೆ ಮನೆಗೆ ಇಷ್ಟು ಅಂತ ವಂತಿಗೆ ಹಾಕಬೇಕಾ, ಗದ್ದೆಯ ಲೆಕ್ಕದಲ್ಲಿ ಹಾಕಬೇಕಾ ಅಂತ ಅಲ್ಲೇ ಕೂತು ಮಾತಾಡುತ್ತೇವೆ. ಗದ್ದೆ ಇಲ್ಲದಿದ್ದರೂ ಗಜನಿಯಲ್ಲಿ ಮೀನು ಹಿಡಿಯುವ ಮನೆಯವರನ್ನೂ ಈ ಸಲ ಸಭೆಗೆ ಕರೆದಿದ್ದೇವೆ. ನಮ್ಮೂರ ಕಡೆಯವರು ಇದನ್ನು ಓದುತ್ತಿದ್ದರೆ ಬನ್ನಿ. ಹೆಡಗೆ, ಗುದ್ದಲಿ ನಮ್ಮಲ್ಲಿದೆ. ಗಂಜಿ ಊಟ ನಮ್ಮ ಮನೆಯಲ್ಲಿ.