ಸೋಫಾದಿಂದ ಟಿವಿಗೆ ಎಷ್ಟು ದೂರ?

ಮನೆಗೆ 4ಕೆ ಟಿವಿ ಬಂತೆಂದರೆ ಸಾಕು, ಗೇಮ್ ಆಡುವವರಲ್ಲಿ ಎರಡು ಪಕ್ಷ ಎದ್ದು ನಿಲ್ಲುತ್ತವೆ. ಪಿಸಿ ಪಕ್ಷದವರು ಗ್ರಾಫಿಕ್ಸ್ ಕಾರ್ಡಿನ ನಂಬರು ಹೇಳಿ ಎದುರಾಳಿಯ ಬಾಯಿ ಮುಚ್ಚಿಸುತ್ತಾರೆ. ಪ್ಲೇಸ್ಟೇಷನ್‌ನಂಥ ಗೇಮ್ ಪೆಟ್ಟಿಗೆ ಇಟ್ಟುಕೊಂಡ ಕನ್ಸೋಲ್ ಪಕ್ಷದವರು "ನಿಮ್ಮ ಡ್ರೈವರ್ ಅಪ್‌ಡೇಟ್ ಮುಗಿಯುವಷ್ಟರಲ್ಲಿ ನಮ್ಮದು ಒಂದು ಲೆವೆಲ್ ಮುಗಿದಿರುತ್ತದೆ" ಎನ್ನುತ್ತಾರೆ. ಟೇಪ್ ಹಿಡಿದು ಸೋಫಾದಿಂದ ಟಿವಿಗೆ ಎಷ್ಟು ದೂರವಿದೆ ಎಂದು ಅಳೆಯುವವರು ಮಾತ್ರ ಎರಡೂ ಕಡೆ ಸಿಗುವುದಿಲ್ಲ.

ಅಳೆಯಬೇಕಾದದ್ದು ಮೊದಲು ಅದನ್ನೇ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಅದರಲ್ಲಿ 4ಕೆ ಚಿತ್ರದ ಒಂದು ಸಾಲಿನ 3840 ಪಿಕ್ಸೆಲ್ (ಚುಕ್ಕೆ) ಕೂರಬೇಕಾದರೆ ಒಂದೊಂದರ ಪಾಲಿಗೆ 0.32 ಮಿಲಿಮೀಟರ್ ಜಾಗ. ಒಳ್ಳೆಯ ದೃಷ್ಟಿಯಿರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು ಎಂಬ ಲೆಕ್ಕ ಹಿಡಿದರೆ, ಈ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದು ಸುಮಾರು 1.1 ಮೀಟರ್ ಒಳಗೆ ಕೂತವರಿಗೆ. ಸಾಲಿಗೆ 1920 ಪಿಕ್ಸೆಲ್ಲೇ ಇರುವ 1080ಪಿ ಚಿತ್ರದ ಚುಕ್ಕೆಗಳೂ 2.2 ಮೀಟರ್ ದಾಟಿದ ಮೇಲೆ ಬೆರೆತುಹೋಗುತ್ತವೆ. ಮೂರು ಮೀಟರ್ ಆಚೆ ಒರಗಿ ಕೂತವರು 4ಕೆಯ 83 ಲಕ್ಷ ಪಿಕ್ಸೆಲ್ಲಿಗೂ 1080ಪಿಯ 21 ಲಕ್ಷ ಪಿಕ್ಸೆಲ್ಲಿಗೂ ಜಗಳ ತೆಗೆಯುವುದು ಕಾಣದ ಆಸ್ತಿಗೆ ಕೋರ್ಟು ಹತ್ತಿದಂತೆ. ಹಾಗೆಂದು ವ್ಯತ್ಯಾಸ ಸೊನ್ನೆಯಲ್ಲ. ಕ್ಯಾಮೆರಾ ತಿರುಗಿದಾಗ ತಂತಿಬೇಲಿ, ಹುಲ್ಲಿನ ಎಳೆ, ದೂರದ ಕಿಟಕಿಗಳ ಅಂಚು ಮಿಣಿಮಿಣಿ ಅನ್ನುವುದು ಅಷ್ಟು ದೂರಕ್ಕೂ ಕಾಣುತ್ತದೆ. ಕಣ್ಣಿಗೆ ಕಿರಿಕಿರಿ ಮಾಡುವುದು ಆ ಮಿನುಗಾಟವೇ.

ಅದೂ ಅಲ್ಲದೆ, 83 ಲಕ್ಷ ಪಿಕ್ಸೆಲ್ಲನ್ನೂ ಪ್ರತಿ ಫ್ರೇಮಿಗೆ ಪ್ರಾಮಾಣಿಕವಾಗಿ ಬಿಡಿಸುವ ಕಷ್ಟಕ್ಕೆ ಈಗ ಎರಡೂ ಕಡೆಯವರು ಹೆಚ್ಚಾಗಿ ಹೋಗುವುದಿಲ್ಲ. ಪಿಸಿಯಲ್ಲಿ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ಹಿಗ್ಗಿಸುವ ಎನ್ವಿಡಿಯಾದ ತಂತ್ರ) ಹಾಕಿ ಕ್ವಾಲಿಟಿ ಎಂದು ಆರಿಸಿದರೆ ಒಳಗೆ ತಯಾರಾಗುವುದು 1440ಪಿ ಚಿತ್ರ. ಪರ್ಫಾರ್ಮೆನ್ಸ್ ಎಂದರೆ 1080ಪಿ. ಹಿಂದಿನ ಫ್ರೇಮುಗಳ ಮಾಹಿತಿ ಸೇರಿಸಿ ಅದನ್ನು 4ಕೆ ಅಳತೆಗೆ ಹಿಗ್ಗಿಸಲಾಗುತ್ತದೆ. ಕನ್ಸೋಲಿನ ಗೇಮುಗಳು ದೃಶ್ಯ ಭಾರವಾದಾಗ ಸದ್ದಿಲ್ಲದೆ ರೆಸಲ್ಯೂಶನ್ ಇಳಿಸಿ, ಹಗುರಾದಾಗ ಏರಿಸುತ್ತವೆ. 2024ರ ಪ್ಲೇಸ್ಟೇಷನ್ 5 ಪ್ರೋ ಪಿಎಸ್‌ಎಸ್‌ಆರ್ ಎಂಬ ತನ್ನದೇ ಹಿಗ್ಗಿಸುವ ವಿದ್ಯೆ ತಂದಿತು. ಮಾನಿಟರಿಗೆ ಮೂಗು ತಾಗಿಸಿ ಕೂತವರಿಗೆ ಕ್ವಾಲಿಟಿ, ಪರ್ಫಾರ್ಮೆನ್ಸ್ ನಡುವಿನ ಭೇದ ಗೊತ್ತಾಗುತ್ತದೆ. ಸೋಫಾದಲ್ಲಿ ಕೂತವರು ಕಣ್ಣುಮುಚ್ಚಿ ಪರ್ಫಾರ್ಮೆನ್ಸ್ ಹಾಕಿ, ಉಳಿದ ಶಕ್ತಿಯನ್ನು ಫ್ರೇಮ್ ರೇಟಿಗೆ ಕೊಡುವುದು ಮೇಲು.

ಫ್ರೇಮ್ ರೇಟಿನಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದಕ್ಕೆ 33.3 ಮಿಲಿಸೆಕೆಂಡ್, 60 ಅಂದರೆ 16.7. ಇವೆರಡರ ನಟ್ಟನಡುವೆ ಇರುವುದು 25 ಮಿಲಿಸೆಕೆಂಡ್, ಅಂದರೆ 45 ಅಲ್ಲ, 40 ಫ್ರೇಮ್. 30ರಿಂದ ಹತ್ತೇ ಫ್ರೇಮ್ ಏರಿಸಿದರೆ ಅರ್ಧ ದಾರಿ ಸವೆಯಿತು. ಆದರೆ ಇದಕ್ಕೆ ಸೆಕೆಂಡಿಗೆ 120 ಸಲ ಚಿತ್ರ ತೋರಿಸುವ 120 ಹರ್ಟ್ಸ್ ಟಿವಿಯೇ ಬೇಕು; ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ ತೋರಿ ನಡೆಯುತ್ತದೆ. 60ರ ಟಿವಿಯಲ್ಲಿ 40 ಹಾಕಿದರೆ ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ನಿಂತು ಓಟ ಕುಂಟುತ್ತದೆ. ಕೆಲವು ಕನ್ಸೋಲ್ ಗೇಮುಗಳು ಈ 40ರ ಮೋಡನ್ನು ಮೆನುವಿನಲ್ಲೇ ಇಟ್ಟಿರುತ್ತವೆ. ಪಿಸಿಯಲ್ಲಿ ಯಾವ ಗೇಮಿಗೆ ಬೇಕಾದರೂ ನಾವೇ 40ಕ್ಕೆ ಕಟ್ಟಿಹಾಕಬಹುದು, ಕಟ್ಟಿಹಾಕಬೇಕೆಂದು ಗೊತ್ತಿದ್ದರೆ.

ಇನ್ನು ಟಿವಿಯ ಬೆನ್ನಿಗೆ ಬರೋಣ. ನಿಜವಾದ ರಗಳೆ ಇರುವುದು ಅಲ್ಲಿ. ಎಚ್‌ಡಿಎಂಐ 2.0 ಪೋರ್ಟು ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತದೆ. 4ಕೆಯಲ್ಲಿ 60 ಹರ್ಟ್ಸಿಗೆ ಅದರ ಉಸಿರು ಮುಗಿಯಿತು. 2.1ರ ಮಿತಿ 48 ಗಿಗಾಬಿಟ್, 120 ಹರ್ಟ್ಸ್ ಸಲೀಸು. ನಾಲ್ಕು ಪೋರ್ಟಿರುವ ಎಷ್ಟೋ ಟಿವಿಗಳಲ್ಲಿ ಇಂಥವು ಎರಡೇ, ಅದರಲ್ಲೂ ಒಂದು ಸೌಂಡ್‌ಬಾರಿಗೆ ಬೇಕಾದ ಇಆರ್ಕ್ ಪೋರ್ಟೇ ಆಗಿರುವುದುಂಟು. ಸರಿಯಾದ ತೂತಿಗೇ ಚುಚ್ಚಿದರೂ ಮೆನುವಿನೊಳಗೆ ಆ ಪೋರ್ಟಿನ ಪೂರ್ಣ ಸಾಮರ್ಥ್ಯವನ್ನು ಆನ್ ಮಾಡಬೇಕು. ಅದನ್ನು ಒಂದೊಂದು ಕಂಪನಿ ಒಂದೊಂದು ಹೆಸರಿನಲ್ಲಿ, ಯಾರಿಗೂ ಸಿಗದ ಕಡೆ ಹುದುಗಿಸಿಡುತ್ತದೆ. ಆಡುವಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬಂದರೆ, ಬಿಳಿ ಚುಕ್ಕೆಗಳು ಮಿಂಚಿದರೆ, ಮೊದಲು ಅನುಮಾನಿಸಬೇಕಾದ್ದು ಕೇಬಲ್ಲನ್ನು.

ಪಿಸಿಗೆ ಮಾತ್ರ ಕಾಡುವ ಇನ್ನೊಂದು ಕಾಟ ಅಕ್ಷರಗಳದ್ದು. ಕಪ್ಪು ಹಿನ್ನೆಲೆಯ ಮೇಲೆ ಕೆಂಪಕ್ಷರ ಬರೆದು ಹತ್ತಿರ ಹೋಗಿ ನೋಡಿ. ಅಂಚು ಒದ್ದೆ ಕಾಗದದ ಶಾಯಿಯ ಹಾಗೆ ಹರಡಿದ್ದರೆ ಟಿವಿ 4:2:0 ಎಂಬಂಥ, ಬಣ್ಣ ಕಡಿತಗೊಳಿಸಿದ ಚಿತ್ರ ತೋರಿಸುತ್ತಿದೆ. 4:2:0ದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಇದೆ, ಬಣ್ಣದ್ದು ನಾಲ್ಕು ಪಿಕ್ಸೆಲ್ಲಿಗೆ ಒಂದು. ಸಿನಿಮಾಕ್ಕೆ ಅಷ್ಟು ಸಾಕು, ವಿಂಡೋಸಿನ ಸಣ್ಣ ಅಕ್ಷರಕ್ಕೆ ಸಾಲದು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲಿ ಪ್ರತಿ ಪಿಕ್ಸೆಲ್ಲಿಗೂ ಬಣ್ಣ ಕೊಡುವ ಆರ್‌ಜಿಬಿ ಅಥವಾ 4:4:4 ಆರಿಸಬೇಕು. ಅದಕ್ಕೂ ಬಗ್ಗದ ಕೆಲವು ಟಿವಿಗಳಿವೆ. ಅವುಗಳಲ್ಲಿ ಇನ್‌ಪುಟ್ಟಿನ ಹೆಸರನ್ನೇ ಪಿಸಿ ಎಂದು ಬದಲಿಸಿದರೆ ಅಕ್ಷರ ಥಟ್ಟನೆ ಗರಿಗರಿಯಾಗುತ್ತದೆ. ಹೆಸರಿಗೆ ಇಷ್ಟು ಮರ್ಯಾದೆ ಕೊಡುವ ಯಂತ್ರ ಬೇರೆ ಇರಲಾರದು.

ನನ್ನ ಮಟ್ಟಿಗೆ ತಕ್ಕಡಿ ವಾಲುವುದು ಇನ್ನೂ ಕ್ಷುಲ್ಲಕವಾದ ಕಡೆ. ಕಂಟ್ರೋಲರಿನ ನಡುವಿನ ಬಟನ್ ಒತ್ತಿದರೆ ಕನ್ಸೋಲ್ ಏಳುತ್ತದೆ, ಬೆನ್ನಿಗೇ ಟಿವಿ ಏಳುತ್ತದೆ, ಇನ್‌ಪುಟ್ ತಾನೇ ಬದಲಾಗುತ್ತದೆ, ನಿನ್ನೆ ಅರ್ಧಕ್ಕೆ ಬಿಟ್ಟ ಗೇಮ್ ಅಲ್ಲೇ ನಿಂತಿರುತ್ತದೆ. ಎಚ್‌ಡಿಎಂಐ ತಂತಿಯೊಳಗಿನ ಸಿಇಸಿ ಸಂಕೇತ ಟಿವಿಯನ್ನು ಎಬ್ಬಿಸುತ್ತದೆ. ಪಿಸಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಹಾಗಾಗಿ ರಿಮೋಟ್ ಹುಡುಕಾಟ ತಪ್ಪಿದ್ದಲ್ಲ. ಅದು ಸಿಕ್ಕಿ ಗೇಮ್ ತೆರೆಯುವಷ್ಟರಲ್ಲಿ ಯಾವುದೋ ಲಾಂಚರ್ ಪಾಸ್‌ವರ್ಡ್ ಕೇಳುತ್ತದೆ. ಆ ಚೌಕ ಕಂಟ್ರೋಲರಿಗೆ ಕ್ಯಾರೇ ಅನ್ನುವುದಿಲ್ಲ, ಕೀಬೋರ್ಡೇ ಬೇಕು. ಹೊಸ ಗೇಮಾದರೆ ಶೇಡರ್ (ದೃಶ್ಯದ ಬೆಳಕು, ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮು) ಕಂಪೈಲ್ ಆಗುವವರೆಗೆ, ಅಂದರೆ ಕಾರ್ಡಿನ ಭಾಷೆಗೆ ಇಳಿಯುವವರೆಗೆ, ಕಾಯಬೇಕು. ಕನ್ಸೋಲಿನ ಚಿಪ್ ಎಲ್ಲರ ಮನೆಯಲ್ಲೂ ಒಂದೇ ಆದ್ದರಿಂದ ಆ ಕೆಲಸ ಗೇಮ್ ಮಾಡಿದವರ ಕಡೆಯೇ ಮುಗಿದಿರುತ್ತದೆ. ಪಿಸಿಯಲ್ಲಿ ಅದು ನಮ್ಮ ಕಾರ್ಡಿಗೆ ತಕ್ಕಂತೆ ನಮ್ಮಲ್ಲೇ ಆಗಬೇಕು.

ಹಾಗಾಗಿ ನಡುಮನೆಯ ಟಿವಿಗೆಂದೇ ಕೊಳ್ಳುವುದಾದರೆ, ಸೋಫಾ ಎರಡು ಮೀಟರ್ ಆಚೆಗಿದ್ದರೆ, ಕನ್ಸೋಲ್ ಎಂದು ಹೇಳಿ ಕೈತೊಳೆದುಕೊಳ್ಳುತ್ತೇನೆ. ಕೊಂಡ ಗೇಮನ್ನು ಆನ್‌ಲೈನಿನಲ್ಲಿ ಆಡಲು ಅಲ್ಲಿ ಬಹುತೇಕ ಮತ್ತೆ ಚಂದಾ ಕಟ್ಟಬೇಕು ಎಂಬುದು ಮೊದಲೇ ತಿಳಿದಿರಲಿ. ಗೇಮನ್ನೇ ತಿದ್ದುವ ಮಾಡ್ ಹಾಕುವ ಚಟ, ಮೌಸಿಲ್ಲದೆ ಆಗದ ತಂತ್ರದ ಆಟಗಳು, ಹದಿನೈದು ವರ್ಷದ ಹಳೆಯ ಲೈಬ್ರರಿ ಇದ್ದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಪಿಸಿ ಬಿಟ್ಟು ಬರುವವರೂ ಅಲ್ಲ.

ಅಂಥವರ ಪಿಸಿ ಹೆಚ್ಚಾಗಿ ಪಕ್ಕದ ಕೋಣೆಯ ಮೇಜಿನ ಮೇಲಿರುತ್ತದೆ. ಅದನ್ನು ಟಿವಿಗೆ ತರಲು ದಾರಿ ಎರಡು. ನೆಟ್‌ವರ್ಕಿನಲ್ಲಿ ಸ್ಟ್ರೀಮ್ ಮಾಡುವುದಾದರೆ ಕಡೇಪಕ್ಷ ಪಿಸಿಯ ಕಡೆಯಾದರೂ ವೈಫೈ ಬಿಟ್ಟು ಲ್ಯಾನ್ ತಂತಿ ಹಾಕಬೇಕು. ಕೇಬಲ್ಲನ್ನೇ ಎಳೆಯುವುದಾದರೆ, ಐದು ಮೀಟರ್ ದಾಟಿದ ಮೇಲೆ 4ಕೆ 120ಕ್ಕೆ ಮಾಮೂಲಿ ತಾಮ್ರದ ಕೇಬಲ್ ನಂಬುವಂತಿಲ್ಲ, ಫೈಬರ್ ಎಚ್‌ಡಿಎಂಐ ಬೇಕು. ಅದಕ್ಕೊಂದು ದಿಕ್ಕಿದೆ: ಸೋರ್ಸ್ ಎಂದು ಬರೆದ ತುದಿ ಪಿಸಿಗೆ, ಡಿಸ್‌ಪ್ಲೇ ಎಂದು ಬರೆದದ್ದು ಟಿವಿಗೆ. ಗೋಡೆಯೊಳಗಿನ ಪೈಪಿನಲ್ಲಿ ತೂರಿಸುವ ಮೊದಲೇ ಎರಡೂ ತುದಿ ಓದಿ, ನೆಲದ ಮೇಲೆ ಹಾಸಿ ಒಮ್ಮೆ ಚಿತ್ರ ಬರಿಸಿ ನೋಡುವುದು ಲೇಸು.